ತಾಳೆಯಪ್ಪನವರ ಒಂದು ನಿಮಿಷ

ತಾಳೆಯಪ್ಪನವರು ಬದುಕಿನಲ್ಲಿ ಅತಿ ಹೆಚ್ಚು ಬಳಸಿದ ಮಾತು ‘ಒಂದು ನಿಮಿಷ’. ಅವರಿಗೆ ಅತಿ ಕಡಿಮೆ ಸಿಕ್ಕಿದ್ದೂ ಅದೇ. ಊಟದ ಮೇಜಿನ ಮುಂದೆ ‘ಒಂದು ನಿಮಿಷ, ನಾನು ಹೇಳೋದು ಕೇಳಿ’ ಎಂದು ಅವರು ಶುರುಮಾಡಿದರೆ, ‘ಕೇಳಿ’ ಎನ್ನುವಷ್ಟರಲ್ಲಿ ಹೆಂಡತಿ ತಟ್ಟೆ ಎತ್ತಿಕೊಂಡು ಒಳಗೆ ಹೋಗಿರುತ್ತಿದ್ದರು. ಮೆಟ್ಟಿಲ ಮೇಲೆ ಸಿಕ್ಕ ನೆರೆಯವರು ಅವರ ವಾಕ್ಯದ ಅರ್ಧ ಕೇಳಿ, ಉಳಿದರ್ಧ ಬರುವ ಮುಂಚೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ಐವತ್ತಮೂರು ವರ್ಷಗಳ ಆಯುಷ್ಯದಲ್ಲಿ ತಮ್ಮ ಒಂದು ಮಾತನ್ನು ಯಾರಾದರೂ ಮೊದಲಿನಿಂದ ಕೊನೆಯವರೆಗೆ ಕೂತು ಕೇಳಿದ ದಾಖಲೆ ಅವರ ಬಳಿ ಇರಲಿಲ್ಲ. ದಾಖಲೆ ಇಲ್ಲದ್ದನ್ನು ಅವರು ನಂಬುವವರೂ ಅಲ್ಲ.

ಏಕೆಂದರೆ ಅವರು ಬ್ಯಾಂಕಿನಲ್ಲಿ ಸಹಿ ತಾಳೆ ನೋಡುವ ಗುಮಾಸ್ತರು. ಇಪ್ಪತ್ತೇಳು ವರ್ಷಗಳಿಂದ ಮೂರನೆಯ ಕಿಟಕಿಯ ಹಿಂದೆ ಕೂತು, ಎಡಗೈಯಲ್ಲಿ ಗ್ರಾಹಕರ ಮಾದರಿ ಸಹಿಯ ಕಾರ್ಡು, ಬಲಗೈಯಲ್ಲಿ ಭೂತಗನ್ನಡಿ ಹಿಡಿದು, ಮಾದರಿಗೆ ಹೊಂದಿದ್ದನ್ನು ಒಳಗೆ ಬಿಡುವುದು, ಹೊಂದದ್ದನ್ನು ಹೊರಗೆ ಕಳಿಸುವುದು ಅವರ ಕಸುಬು. ‘ತಾಳೆಯಪ್ಪ’ ಎಂಬ ಹೆಸರು ಬಂದದ್ದೂ ಅಲ್ಲಿಂದಲೇ. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು.

ಒಂದು ಶುಕ್ರವಾರ ಮ್ಯಾನೇಜರು ಎಲ್ಲರನ್ನೂ ತಮ್ಮ ಕೋಣೆಗೆ ಕರೆದರು.

“ನೋಡಿ, ನಮ್ಮ ಬ್ಯಾಂಕು ಗ್ರಾಹಕರಿಗೆ ಅಂತ ಪಾಡ್‌ಕಾಸ್ಟ್ ಶುರು ಮಾಡ್ತಾ ಇದೆ. ಫೋನಲ್ಲಿ ಕೇಳೋ ಮಾತಿನ ಕಾರ್ಯಕ್ರಮ. ಅದಕ್ಕೊಂದು ಪರಿಚಯ ಬೇಕಂತೆ, ಸರಿಯಾಗಿ ಒಂದು ನಿಮಿಷ. ಪ್ರತಿ ಶಾಖೆಯಿಂದ ಒಂದೊಂದು. ಸೋಮವಾರ ವಲಯದ ಮೇಡಂ ಬಂದು ಕೂತು ಕೇಳ್ತಾರೆ. ಯಾರು ಮಾಡ್ತೀರಿ?”

ಎಲ್ಲರಿಗೂ ತಮ್ಮ ತಮ್ಮ ಬೂಟುಗಳಲ್ಲಿ ಇದ್ದಕ್ಕಿದ್ದಂತೆ ಆಸಕ್ತಿ ಹುಟ್ಟಿತು. ತಾಳೆಯಪ್ಪನವರ ಕಿವಿ ಮಾತ್ರ ‘ಒಂದು ನಿಮಿಷ’ ಎಂಬಲ್ಲೇ ನೆಟ್ಟಿತ್ತು.

“ಒಂದು ನಿಮಿಷ ಸರ್, ಈ ರೆಕಾರ್ಡಿಂಗು, ಎಡಿಟಿಂಗು ಅಂದ್ರೆ ನಾನು ಸ್ವಲ್ಪ...”

“ಮಾಡ್ತೀರಾ? ಭೇಷ್! ಸಭೆ ಮುಗೀತು.”

ಅವರು ಹೇಳಹೊರಟಿದ್ದು ‘ಸ್ವಲ್ಪ ಹಿಂದೆ’ ಎಂದು. ಆದರೆ ಅಷ್ಟರಲ್ಲಿ ಕ್ಯಾಷಿಯರು ಕೈ ಕುಲುಕಿದ್ದರು. ಎಂದೂ ತಲೆಯೆತ್ತದ ಟೈಪಿಸ್ಟು ತಲೆಯೆತ್ತಿ, “ನಿಮಗೆ ಇದೆಲ್ಲ ಬರುತ್ತಾ!” ಎಂದು ಕಣ್ಣರಳಿಸಿದ್ದರು. ತಾಳೆಯಪ್ಪನವರು ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ಎರಡಕ್ಕೂ ತಾಳೆಯಾಗುವಂಥ ಒಂದು ನಗೆ ನಕ್ಕರು. ಅವರ ತಲೆಯಲ್ಲಿ ಆಗಲೇ ಒಂದು ಚಿತ್ರ ಮೂಡಿತ್ತು: ಕೋಣೆ ತುಂಬ ಜನ ಕೂತಿದ್ದಾರೆ, ಇವರ ದನಿ ಕೇಳಿಬರುತ್ತಿದೆ, ವಲಯದ ಮೇಡಂ ಕೂಡ ಎದ್ದುಹೋಗುವಂತಿಲ್ಲ. ಒಂದಿಡೀ ನಿಮಿಷ!

ಆ ಸಂಜೆಯೇ ಕಟ್ಟಡಕ್ಕೆಲ್ಲ ಡಂಗುರವಾಯಿತು. ಸಾರಿದವರು ತಾಳೆಯಪ್ಪನವರೇ. ಮೇಲಿನ ಮನೆಯ ನಿವೃತ್ತ ಡ್ರಿಲ್ ಮಾಸ್ತರು ಮೆಟ್ಟಿಲ ಮೇಲೇ ತರಬೇತಿ ಶುರುಮಾಡಿದರು. “ದನಿ ಗಂಟಲಿಂದ ಬರಬಾರದು, ಹೊಟ್ಟೆಯಿಂದ ಬರಬೇಕು. ಎದೆ ಮುಂದೆ! ಗಲ್ಲ ಮೇಲೆ! ಈಗ ಹೇಳಿ, ನಮಸ್ಕಾರ!”

“ನಮಸ್ಕಾರ. ಒಂದು ನಿಮಿಷ ಮಾಸ್ತರೇ, ನಾನು...”

“ಹೊಟ್ಟೆಯಿಂದ ಬರಲಿಲ್ಲ,” ಎಂದು ಮಾಸ್ತರು ಹೊರಟುಹೋದರು.

ಹೆಂಡತಿ ಸುದ್ದಿ ಕೇಳಿ, “ಮನೇಲಿ ಮಾತಾಡಿದ್ರೆ ಸಾಲ್ದು ಅಂತ ಇನ್ನು ಫೋನಲ್ಲೂ ಮಾತಾಡ್ತೀರಾ?” ಎಂದರು. ಹೆಂಡತಿಯ ತಾಯಿ, ಅಂದರೆ ಅವರ ಅತ್ತೆಯೂ, ಅದೇ ಮನೆಯಲ್ಲಿದ್ದರು. ಆದರೆ ಅವರು ಏನನ್ನೂ ನೇರವಾಗಿ ಹೇಳುವ ಹಾಗಿರಲಿಲ್ಲ. ಎರಡು ತಿಂಗಳಿಂದ ಅತ್ತೆ ಅಳಿಯನ ಜೊತೆ ಮಾತು ಬಿಟ್ಟಿದ್ದರು. ಹೇಳಲೇಬೇಕಾದ್ದನ್ನು ಗೋಡೆ ಗಡಿಯಾರಕ್ಕೆ ಹೇಳುತ್ತಿದ್ದರು. ಈಗಲೂ ಗಡಿಯಾರದ ಕಡೆ ತಿರುಗಿ, “ಕೆಲವರು ಬಾಯಿ ಬಿಟ್ಟು ಲೋಕಕ್ಕೆ ಏನು ಹೇಳ್ತಾರಂತೋ! ಮನೆಯವರ ಗುರುತೇ ಹತ್ತಲ್ಲ,” ಎಂದು ಒಳಗೆ ನಡೆದರು.

ಕಾರಣ ಸಣ್ಣದಲ್ಲ. ಎರಡು ತಿಂಗಳ ಹಿಂದೆ ಅತ್ತೆ ಅದೇ ಬ್ಯಾಂಕಿಗೆ ಒಂದು ಅರ್ಜಿ ಹಿಡಿದು ಹೋಗಿದ್ದರು. ಮೂರನೆಯ ಕಿಟಕಿ. ಸಹಿ ಮಾದರಿಗೆ ಹೊಂದಲಿಲ್ಲ. ಅಳಿಯ ಅರ್ಜಿ ವಾಪಸ್ಸು ಕೊಟ್ಟರು. ಒಂದು ಸಲವಲ್ಲ, ಮೂರು ಸಲ.

ಭಾನುವಾರ ಬೆಳಿಗ್ಗೆ ರೆಕಾರ್ಡಿಂಗು. ಸದ್ದು ಕಡಿಮೆಯಿರುವ ಜಾಗವೆಂದು ಮಲಗುವ ಕೋಣೆಯ ಮರದ ಬೀರುವನ್ನು ಆರಿಸಿಕೊಂಡರು. ಬಟ್ಟೆಗಳನ್ನು ಒಂದು ಪಕ್ಕಕ್ಕೆ ಸರಿಸಿ, ಮೊಣಕಾಲು ಗಲ್ಲಕ್ಕೆ ತಾಗುವಂತೆ ಒಳಗೆ ಕೂತು, ಉಸಿರಾಡಲು ಬೇಕಾದಷ್ಟೇ ಬಾಗಿಲು ತೆರೆದಿಟ್ಟುಕೊಂಡು, ಫೋನನ್ನು ಮಫ್ಲರಿನೊಳಗೆ ನಿಲ್ಲಿಸಿ, ಬರೆದಿಟ್ಟುಕೊಂಡದ್ದನ್ನು ಗಂಭೀರವಾಗಿ ಓದತೊಡಗಿದರು. “ನಮಸ್ಕಾರ, ಮಾನ್ಯ ಗ್ರಾಹಕರೇ. ಸಹಿ ಎಂದರೆ ಏನು?”

ಮನೆ ಆ ಪ್ರಶ್ನೆಗಾಗಿಯೇ ಕಾದಿದ್ದಂತೆ ಎಚ್ಚರವಾಯಿತು. ಮೇಲೆ ಡ್ರಿಲ್ ಮಾಸ್ತರು ಧಡ್ ಧಡ್ ಎಂದು ಕುಪ್ಪಳಿಸಲು ಆರಂಭಿಸಿದರು. ಗೋಡೆಯಾಚೆ ಅತ್ತೆ ತಂಗಿಗೆ ಫೋನು ಮಾಡಿದರು. ಅವರ ತಂಗಿಗೆ ಕಿವಿ ಸ್ವಲ್ಪ ಮಂದ. ಆದ್ದರಿಂದ ಅತ್ತೆಗೆ ಫೋನೆನ್ನುವುದು ಬರೀ ನೆಪ, ದನಿ ಹಾಗೆಯೇ ತಲುಪುತ್ತಿತ್ತು. ತಾಳೆಯಪ್ಪನವರು ಎದೆಗುಂದಲಿಲ್ಲ. ಯಾವ ಗದ್ದಲವಿದ್ದರೂ ತೆಗೆಯುವ ತಂತ್ರಾಂಶವೊಂದಿದೆ, ಅದೂ ಬಿಟ್ಟಿ ಎಂದು ಕಂಪ್ಯೂಟರ್ ರಿಪೇರಿಯವರು ಹೇಳಿದ್ದರಲ್ಲ! ಪುಕ್ಕಟೆ ಸಿಕ್ಕರೆ ನನಗೊಂದಿರಲಿ ನಮ್ಮಪ್ಪನಿಗೊಂದಿರಲಿ ಎಂಬಂತೆ ಅದನ್ನು ಹಿಂದಿನ ದಿನವೇ ಎರಡು ಸಲ ಇಳಿಸಿಕೊಂಡಿದ್ದರು. ಹೀಗಾಗಿ ಧೈರ್ಯವಾಗಿ ಓದುತ್ತಲೇ ಹೋದರು. ಇನ್ನೇನು ಮುಗಿಯಿತು ಎನ್ನುವಾಗ ಹೆಂಡತಿ ಕೋಣೆಗೆ ಬಂದು, “ರೀ, ಬೀರು ಒಳಗೆ ಯಾಕ್ರೀ ಕೂತಿದ್ದೀರಿ? ಹೊರಗೆ ಬನ್ನಿ!” ಎಂದರು. ತಾಳೆಯಪ್ಪನವರು ತಾಳ್ಮೆಗೆಟ್ಟು, “ಒಂದು ನಿಮಿಷ!” ಎಂದು ಕಿರುಚಿದರು. ಅಲ್ಲಿಗೆ ಸರಿಯಾಗಿ ಅರವತ್ತು ಸೆಕೆಂಡು.

ಮಧ್ಯಾಹ್ನ ಸಂಪಾದನೆಯ ಕೆಲಸ. ಕಂಪ್ಯೂಟರಿನ ಮುಂದೆ ಕೂತು ರಿಪೇರಿಯವರಿಗೆ ಫೋನು ಹಚ್ಚಿದರು.

“ಗದ್ದಲ ತೆಗೆಯೋದು ಅಂತ ಒಂದು ಗುಂಡಿ ಇದೆ ಸರ್. ಎರಡೇ ಹೆಜ್ಜೆ. ಮೊದಲು ಅದಕ್ಕೆ ಒಂದು ಮಾದರಿ ಕೊಡ್ಬೇಕು...”

“ಮಾದರಿ!” ತಾಳೆಯಪ್ಪನವರ ಮುಖ ಅರಳಿತು.

“ಹೂಂ ಸರ್, ಮಾದರಿ. ಯಾವುದರದ್ದು ಅಂದ್ರೆ, ನೀವು ಸುಮ್ನಿದ್ದಾಗ...”

“ಮಾದರಿ ವಿಷಯ ನೀವು ನನಗೆ ಹೇಳಿಕೊಡ್ತೀರಾ ಸ್ವಾಮಿ? ಇಪ್ಪತ್ತೇಳು ವರ್ಷ ನಾನು ಬೇರೇನು ಮಾಡಿದ್ದೀನಿ? ಗೊತ್ತಾಯ್ತು, ಇಡಿ.”

ಬೇರೆಯವರ ಮಾತನ್ನು ಅವರು ನಡುವೆ ಕತ್ತರಿಸಿದ್ದು ಬದುಕಿನಲ್ಲಿ ಇದೇ ಮೊದಲು. ಅಭ್ಯಾಸವಿಲ್ಲದ ಕೆಲಸವಾದ್ದರಿಂದ ಕತ್ತರಿಸಬಾರದ ಜಾಗದಲ್ಲೇ ಕತ್ತರಿಸಿದರು. ರಿಪೇರಿಯವರು ಹೇಳಹೊರಟಿದ್ದು ಇಷ್ಟು: ನೀವು ಸುಮ್ಮನಿದ್ದಾಗ ಕೇಳುವ ಗದ್ದಲದ ಚೂರನ್ನು ಮಾದರಿಯಾಗಿ ಕೊಡಿ, ಅದಕ್ಕೆ ಹೊಂದಿದ್ದನ್ನೆಲ್ಲ ತಂತ್ರಾಂಶ ತೆಗೆದುಹಾಕುತ್ತದೆ. ಆದರೆ ಮೂರನೆಯ ಕಿಟಕಿಯ ನ್ಯಾಯ ಬೇರೆ. ಅಲ್ಲಿ ಮಾದರಿ ಕೊಡುವುದು ಉಳಿಯಬೇಕಾದವನು. ಅದಕ್ಕೆ ಹೊಂದದವರೆಲ್ಲ ಹೊರಗೆ. ತಾಳೆಯಪ್ಪನವರು ತಮ್ಮ ಓದಿನಲ್ಲಿ ಅತ್ಯುತ್ತಮವಾಗಿ ಬಂದಿದ್ದ, ಹೊಟ್ಟೆಯಿಂದ ಎದ್ದ, ಗಂಭೀರವಾದ ಹತ್ತು ಸೆಕೆಂಡುಗಳನ್ನು ಹುಡುಕಿ ಆರಿಸಿ, “ನೋಡಿಕೋಪ್ಪಾ, ಇದು ನಾನು,” ಎಂದು ತಂತ್ರಾಂಶಕ್ಕೆ ಮಾದರಿಯಾಗಿ ಒಪ್ಪಿಸಿದರು. ತಂತ್ರಾಂಶ ಬಿಟ್ಟಿಯದಾದರೂ ವಿಧೇಯವಾಗಿತ್ತು. ಇದೇ ಗದ್ದಲವೆಂದು ನಂಬಿ, ಎರಡನೆಯ ಹೆಜ್ಜೆಯಲ್ಲಿ ತಾಳೆಯಪ್ಪನವರನ್ನು ಬೆಣ್ಣೆಯಿಂದ ಕೂದಲು ತೆಗೆದಂತೆ ತೆಗೆದುಹಾಕಿತು. ‘ಉಳಿದ ಸದ್ದನ್ನು ಎತ್ತರಿಸು’ ಎಂಬ ಇನ್ನೊಂದು ಗುಂಡಿ ಕಂಡಿತು. ಉಳಿದಿರುವುದು ತಾವೇ ಎಂದುಕೊಂಡು ಅದನ್ನೂ ಒತ್ತಿದರು.

ಇಲ್ಲಿ ಒಂದು ಸಲ ಕೇಳಿ ನೋಡಬಾರದಿತ್ತೇ ಎಂದು ನೀವು ಕೇಳಬಹುದು. ಅವರು ಪರೀಕ್ಷೆ ಮಾಡಲಿಲ್ಲವೆಂದಲ್ಲ. ಕಂಪ್ಯೂಟರಿನ ಪರದೆಯ ಮೇಲೆ ಸದ್ದು ಗೆರೆಗಳಾಗಿ, ಏರಿಳಿತವಾಗಿ ಮೂಡಿತ್ತು. ಜೀವಮಾನವಿಡೀ ಗೆರೆ ನೋಡಿ ಮನುಷ್ಯರನ್ನು ಗುರುತಿಸಿದವರು ಅವರು. ಆ ಗೆರೆಗಳನ್ನು ಕಾಗದದ ಮೇಲೆ ಮುದ್ರಿಸಿಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿಯಿಂದ ಆ ತುದಿಯಿಂದ ಈ ತುದಿಯವರೆಗೆ ನೋಡಿದರು. ಆರಂಭ ಸ್ಪಷ್ಟ, ನಡುವೆ ತೂಕ, ಕೊನೆಯಲ್ಲಿ ಒಂದು ದಿಟ್ಟ ಏರು. ನೋಡಿ ಸುಖಪಡುವಂಥ ಸಹಿ. ಮೂಲೆಯಲ್ಲಿ ‘ತಾಳೆ ನೋಡಲಾಗಿದೆ’ ಎಂದು ಬರೆದು, ತಾರೀಖು ಹಾಕಿ, ಧ್ವನಿಯನ್ನು ಮ್ಯಾನೇಜರಿಗೆ ಕಳಿಸಿಬಿಟ್ಟರು.

ಸೋಮವಾರ ವಲಯದ ಮೇಡಂ ಬಂದರು. ಅವರು ಕೈಗಡಿಯಾರ ನೋಡುವ ರೀತಿಗೇ ಅರ್ಧ ಶಾಖೆಗಳು ಬಾಯಿಗೆ ಬೀಗ ಹಾಕಿಕೊಂಡಿದ್ದವು. ಹಿಂದಿನ ಶಾಖೆಯ ಪರಿಚಯವನ್ನು ಹದಿನಾಲ್ಕನೆಯ ಸೆಕೆಂಡಿಗೆ ನಿಲ್ಲಿಸಿ ಬಂದಿದ್ದರಂತೆ.

“ನಮ್ಮ ಶಾಖೆಯ ಧ್ವನಿ ಇವರೇ ಮೇಡಂ,” ಎಂದು ಮ್ಯಾನೇಜರು ತಾಳೆಯಪ್ಪನವರನ್ನು ಮುಂದಿನ ಸಾಲಿಗೆ ತಳ್ಳಿದರು. “ಎಡಿಟಿಂಗು ಕರತಲಾಮಲಕ.”

ತಾಳೆಯಪ್ಪನವರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಕೂತು, ತಮ್ಮ ದನಿಯನ್ನು ಪೂರ್ತಿ ಸವಿಯಬೇಕೆಂದು ಕಣ್ಣು ಮುಚ್ಚಿಕೊಂಡರು. ಮ್ಯಾನೇಜರು ಗುಂಡಿ ಒತ್ತಿದರು.

ಧಡ್. ಧಡ್. ಧಡ್.

ಮೇಡಂ ತಲೆಯೆತ್ತಿದರು. ಅಷ್ಟರಲ್ಲಿ ಕೋಣೆಯ ನಾಲ್ಕು ಗೋಡೆಗೂ ಬಡಿಯುವಂತೆ ಒಂದು ಹೆಂಗಸಿನ ದನಿ ಮೊಳಗಿತು.

“ಕೇಳಿಸ್ತಾ ಇದೆಯೇನೇ? ನಾನೇ ಕಣೇ ಹೋದೆ, ಕೋಲೂರ್ಕೊಂಡು. ಕಿಟಕೀಲಿ ಯಾರು ಅಂತೀಯ? ನಮ್ಮ ಅಳಿಯ! ಬೆಳಿಗ್ಗೆ ನನ್ನ ಕೈಯಿಂದ್ಲೇ ಕಾಫಿ ಇಸ್ಕೊಂಡು ಕುಡಿದು ಹೋದ ಮನುಷ್ಯ! ಭೂತಗನ್ನಡಿ ಹಿಡ್ಕೊಂಡು ನನ್ನ ಸಹಿ ನೋಡ್ದ, ನನ್ನ ಮುಖ ನೋಡ್ದ, ‘ತಾಳೆ ಆಗ್ತಾ ಇಲ್ಲ, ತಾವು ಯಾರು?’ ಅಂದ! ಮಗಳನ್ನ ಕೊಡುವಾಗ ನಾನು ಯಾರು ಅಂತ ಗೊತ್ತಿತ್ತು ಕಣೇ!”

ತಾಳೆಯಪ್ಪನವರು ಕಣ್ಣು ತೆರೆದರು. ತೆರೆದ ಬಾಯಿ ಮುಚ್ಚಲು ಮರೆತರು. ಮ್ಯಾನೇಜರು ನಿಲ್ಲಿಸುವ ಗುಂಡಿಗಾಗಿ ತಡಕಾಡಿ, ಗಾಬರಿಯಲ್ಲಿ ಸದ್ದನ್ನು ಇನ್ನಷ್ಟು ಜೋರು ಮಾಡಿದರು. ಹಿಂದಿನ ಸಾಲಿನಲ್ಲಿ ಟೈಪಿಸ್ಟು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡಿದ್ದರು. ತಾಳೆಯಪ್ಪನವರು ಎದ್ದು ನಿಂತು, “ಒಂದು ನಿಮಿಷ ಮೇಡಂ, ಇದು ನಾನಲ್ಲ...” ಎಂದರು.

“ಶ್!” ಎಂದು ಮೇಡಂ ಕೈಯೆತ್ತಿದರು. “ಕೇಳೋಕೆ ಬಿಡಿ.”

ಧಡ್ ಧಡ್ ಎಂಬ ತಾಳದ ಮೇಲೆ ದನಿ ಸ್ವಲ್ಪ ಇಳಿಯಿತು. “ಆದ್ರೂ ಒಂದು ಮಾತು ಹೇಳ್ತೀನಿ ಕೇಳು. ಸ್ವಂತ ಅತ್ತೇನೇ ಒಳಗೆ ಬಿಡದವನು ಕಳ್ಳನ್ನ ಬಿಡ್ತಾನಾ? ಆ ಕಿಟಕೀಲಿ ಅವನು ಕೂತಿದಾನೆ ಅಂತಾನೇ ನಾನು ಇಲ್ಲಿ ಕಣ್ತುಂಬ ನಿದ್ದೆ ಮಾಡ್ತೀನಿ. ಅಂಥ ಮನುಷ್ಯ ಕಣೇ. ಅವನ ಮುಂದೆ ಮಾತ್ರ ಅನ್ಬೇಡ, ತಲೆ ಮೇಲೆ ಕೂತ್ಕೋತಾನೆ.”

ಆಮೇಲೆ “ರೀ, ಬೀರು ಒಳಗೆ ಯಾಕ್ರೀ ಕೂತಿದ್ದೀರಿ? ಹೊರಗೆ ಬನ್ನಿ!” ಎಂಬ ಹೆಂಡತಿಯ ದನಿಯೂ, ಅದರ ಬೆನ್ನಿಗೇ “ಒಂದು ನಿಮಿಷ!” ಎಂಬ ಒಂದು ಗಂಡುಕಿರುಚೂ ಬಂತು. ಕೊಟ್ಟ ಮಾದರಿ ಗಂಭೀರ ದನಿಯದು. ಈ ಕಿರುಚು ಅದಕ್ಕೆ ತಾಳೆಯಾಗದ್ದರಿಂದ ತಂತ್ರಾಂಶ ಅದನ್ನು ಬಿಟ್ಟಿತ್ತು. ಅರವತ್ತು ಸೆಕೆಂಡುಗಳಲ್ಲಿ ತಾಳೆಯಪ್ಪನವರ ಪಾಲಿಗೆ ಉಳಿದದ್ದು ಅಷ್ಟೇ.

ಮೇಡಂ ನಕ್ಕರು. ಅವರು ನಗುವುದನ್ನು ಹಿಂದೆಂದೂ ನೋಡಿರದ ಮ್ಯಾನೇಜರು ಅದನ್ನು ಕೋಪವೆಂದೇ ತಿಳಿದು, “ಇವರಿಗೂ ನಮಗೂ ಸಂಬಂಧ ಇಲ್ಲ ಮೇಡಂ,” ಎಂದು ಶುರುಮಾಡಿದ್ದರು.

“ಬ್ಯಾಂಕು ಭದ್ರ ಅಂತ ನಾವು ಇಷ್ಟು ವರ್ಷ ಗೋಡೆ ಗೋಡೆಗೆ ಬರೆಸಿದ್ವಿ, ಯಾರೂ ನಂಬಲಿಲ್ಲ,” ಎಂದರು ಮೇಡಂ. “ಈಯಮ್ಮ ಹೇಳಿದ್ದನ್ನ ಯಾರು ನಂಬಲ್ಲ ಹೇಳಿ? ಆರಿಸಾಯ್ತು. ಆ ತಾಳ ಬಾರಿಸಿದವರು ಯಾರು? ಚೆನ್ನಾಗಿದೆ. ಆ ಕೊನೇ ಕಿರುಚೂ ಇರಲಿ. ಒಂದೇ ಕೆಲಸ ಬಾಕಿ: ಗ್ರಾಹಕರ ದನಿ ಬಳಸ್ಬೇಕಾದ್ರೆ ಅವರ ಒಪ್ಪಿಗೆ ಪತ್ರ ಬೇಕು. ಸಹಿ ಮಾದರಿಗೆ ತಾಳೆ ಆಗಿರಬೇಕು. ಗುರುವಾರ ಹನ್ನೊಂದು ಗಂಟೆಗೆ ಪ್ರಸಾರ, ಅಷ್ಟರೊಳಗೆ ಮಾಡಿಸಿ.”

ತಾಳೆಯಪ್ಪನವರು ಇಂಗು ತಿಂದ ಮಂಗನಂತೆ ಮನೆಗೆ ಬಂದರು. ಆದರೆ ನಿಜ ಹೇಳಬೇಕೆಂದರೆ, ದಾರಿಯುದ್ದಕ್ಕೂ ಅವರ ಕಿವಿಯಲ್ಲಿ ಕೊರೆಯುತ್ತಿದ್ದದ್ದು ಅವಮಾನವಲ್ಲ, ‘ಅಂಥ ಮನುಷ್ಯ ಕಣೇ’ ಎಂಬ ಮಾತು. ಮನೆಯಲ್ಲಿ ವಿಷಯ ತಿಳಿಸಿದಾಗ ಹೆಂಡತಿ ನಗುತ್ತಾ ನಗುತ್ತಾ ಸೋಫಾದ ತುದಿಯಿಂದ ಜಾರಿದರು. ಡ್ರಿಲ್ ಮಾಸ್ತರು ಕೆಳಗಿಳಿದು ಬಂದು, ತಾಳವಾದ್ಯದಲ್ಲಿ ತಮ್ಮ ಹೆಸರು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನ ಕಂತಿಗೆ ಕುಪ್ಪಳಿಸುವುದಿಲ್ಲ ಎಂದು ಪಟ್ಟುಹಿಡಿದರು. ಅತ್ತೆ ಗಡಿಯಾರದ ಕಡೆ ತಿರುಗಿದರು. “ಬೀರುವಿನೊಳಗೆ ಕೂತು ಕದ್ದು ಕೇಳೋರಿಗೆ ನಾನು ಸಹಿ ಹಾಕ್ಬೇಕಂತಾ? ಅವರೇ ತಾಳೆ ಆಗಲ್ಲ ಅಂತಾರಲ್ಲ!”

ಗುರುವಾರ ಹತ್ತೂಮುಕ್ಕಾಲಿಗೆ, ಎಲ್ಲರೂ ಆಸೆ ಬಿಟ್ಟ ಮೇಲೆ, ಮಗಳ ಕೈಹಿಡಿದು ಅತ್ತೆ ಬ್ಯಾಂಕಿಗೆ ಬಂದರು. ಪ್ರಸಾರಕ್ಕೆಂದು ಮತ್ತೆ ಬಂದಿದ್ದ ಮೇಡಂ ಬಾಗಿಲಲ್ಲೇ ಎದುರುಗೊಂಡರು. ಮ್ಯಾನೇಜರು ಕುರ್ಚಿ ತಂದರು. ಅತ್ತೆ ಕುರ್ಚಿ ಒಲ್ಲೆಂದು ನೇರ ಮೂರನೆಯ ಕಿಟಕಿಯ ಮುಂದೆ ನಿಂತು, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಒಳಗೆ ತಳ್ಳಿದರು.

ತಾಳೆಯಪ್ಪನವರು ಕಾರ್ಡು ತೆಗೆದರು. ಹತ್ತೊಂಬತ್ತು ವರ್ಷಗಳ ಹಿಂದಿನ ಮಾದರಿ: ದುಂಡನೆಯ ಅಕ್ಷರ, ಕೊನೆಯಲ್ಲಿ ಗರ್ವದಿಂದ ಬಾಲ ಎತ್ತಿದ ಗೆರೆ. ಪತ್ರದ ಮೇಲಿನ ಸಹಿ ಅಡ್ಡಾದಿಡ್ಡಿಯಾಗಿ, ತಡವರಿಸಿ, ಗೆರೆಯ ಹೊರಗೆ ಬಿದ್ದಿತ್ತು. ತಾಳೆಯಾಗಲಿಲ್ಲ. ಅವರು ತಲೆಯೆತ್ತಿದರು. ಇಷ್ಟು ವರ್ಷ ಸಹಿ ನೋಡುತ್ತಿದ್ದವರು ಮೊದಲ ಬಾರಿಗೆ ಸಹಿ ಹಾಕಿದ ಕೈಯನ್ನು ನೋಡಿದರು. ಅತ್ತೆ ಆ ಬಲಗೈಯನ್ನು ಎಡಗೈಯಿಂದ ಒತ್ತಿಹಿಡಿದುಕೊಂಡಿದ್ದರು. ಆದರೂ ಅದು ನಡುಗುತ್ತಿತ್ತು. ಕೈ ನಡುಗುತ್ತದೆ ಎನ್ನುವ ಬದಲು ಅಳಿಯನಿಗೆ ಕಣ್ಣಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು ಆ ಹೆಮ್ಮೆಯ ಹೆಂಗಸು. ಮೂರು ಸಲ ಭೂತಗನ್ನಡಿ ಹಿಡಿದೂ ತನಗೆ ಇದು ಕಾಣಲಿಲ್ಲವಲ್ಲ ಎಂದು ತಾಳೆಯಪ್ಪನವರಿಗೆ ನಾಚಿಕೆಯಾಯಿತು.

“ಒತ್ತಿಬಿಡ್ರೀ ಮೊಹರು,” ಎಂದು ಮ್ಯಾನೇಜರು ಪಿಸುಗುಟ್ಟಿದರು. “ನಿಮ್ಮತ್ತೆ ಅಂತ ಇಡೀ ಶಾಖೆಗೇ ಗೊತ್ತು.”

“ಒಂದು ನಿಮಿಷ,” ಎಂದರು ತಾಳೆಯಪ್ಪನವರು.

ಯಾರೂ ಎದ್ದು ಹೋಗಲಿಲ್ಲ. ಮ್ಯಾನೇಜರು ಸುಮ್ಮನಾದರು. ಮೇಡಂ ಕೈಗಡಿಯಾರದಿಂದ ಕಣ್ಣು ತೆಗೆದು ಇವರನ್ನೇ ನೋಡಿದರು. ಹೆಂಡತಿ ಉಸಿರು ಬಿಗಿಹಿಡಿದು ನಿಂತರು. ಇಡೀ ಬ್ಯಾಂಕು ಕಿವಿಯಾಗಿ ಕೂತಿತ್ತು. ಬದುಕೆಲ್ಲ ಕಾದ ಆ ನಿಮಿಷ ಕೊನೆಗೂ ಬಂದಿತ್ತು. ಹೇಳಬೇಕೆಂದು ಕೂಡಿಟ್ಟಿದ್ದ ಮಾತುಗಳು ಎಷ್ಟಿರಲಿಲ್ಲ! ತಾಳೆಯಪ್ಪನವರು ಅವುಗಳಲ್ಲಿ ಒಂದನ್ನೂ ಹೇಳಲಿಲ್ಲ. ಮೇಜಿನ ಖಾನೆ ಎಳೆದು, ಹೊಸ ಮಾದರಿ ಕಾರ್ಡೊಂದನ್ನು ತೆಗೆದು, ಪೆನ್ನಿನ ಜೊತೆ ಕಿಟಕಿಯಾಚೆ ಇಟ್ಟರು.

“ಕೈ ಈಗ ಹೇಗೆ ಓಡುತ್ತೋ ಹಾಗೇ ಹಾಕಿ ಅತ್ತೆ. ಇನ್ಮೇಲೆ ಇದೇ ಮಾದರಿ. ಆತುರ ಬೇಡ.”

ಅತ್ತೆ ಅಳಿಯನ ಮುಖ ನೋಡಿದರು. ಆಮೇಲೆ ಎಡಗೈಯ ಹಿಡಿತ ಬಿಟ್ಟು, ನಡುಗುವ ಕೈಯನ್ನು ನಡುಗಲು ಬಿಟ್ಟು, ಒಂದೊಂದೇ ಅಕ್ಷರ ಬರೆಯತೊಡಗಿದರು. ನಡುವೆ ಮ್ಯಾನೇಜರು “ಅಮ್ಮಾ, ಹನ್ನೊಂದಕ್ಕೆ...” ಎಂದು ಬಾಯಿ ತೆಗೆದರು. ಮೇಡಂ ಅವರನ್ನು ಒಂದೇ ನೋಟದಲ್ಲಿ ನಿಲ್ಲಿಸಿದರು. ಗೋಡೆ ಗಡಿಯಾರದ ಸೆಕೆಂಡು ಮುಳ್ಳು ಪೂರ್ತಿ ಒಂದು ಸುತ್ತು ಬಂತು.

ಅತ್ತೆ ಕಾರ್ಡನ್ನು ಒಳಗೆ ತಳ್ಳಿದರು. ಎರಡು ತಿಂಗಳ ನಂತರ ಮೊದಲ ಸಲ, ಗಡಿಯಾರವನ್ನು ಬಿಟ್ಟು, ನೇರ ಅಳಿಯನಿಗೇ ಕೇಳಿದರು:

“ತಾಳೆ ಆಯ್ತಾ, ಅಳಿಯಂದ್ರೇ?”

ತಾಳೆಯಪ್ಪನವರು ಆಗಲೂ ಭೂತಗನ್ನಡಿ ತೆಗೆದರು. ಕಾರ್ಡನ್ನು ಒಂದು ಕೈಯಲ್ಲಿ, ಒಪ್ಪಿಗೆ ಪತ್ರವನ್ನು ಒಂದು ಕೈಯಲ್ಲಿ ಹಿಡಿದು, ಗೆರೆ ಗೆರೆಯನ್ನೂ ನೋಡಿದರು. ಯಾರಿಗೂ ಕಾಯದ ಅತ್ತೆ ಕಾದರು.

“ಆಯ್ತು,” ಎಂದರು ತಾಳೆಯಪ್ಪನವರು.

“ಹಾಗಾದ್ರೆ ಈಗ ಹೇಳಿ. ನಾನು ಯಾರು?”

ತಾಳೆಯಪ್ಪನವರು ಇನ್ನೊಮ್ಮೆ ಕಾರ್ಡು ನೋಡಿ, ಇನ್ನೊಮ್ಮೆ ಅವರ ಮುಖ ನೋಡಿ, ಮೊಹರನ್ನು ಶಾಯಿಗೆ ಅದ್ದಿದರು.

“ದಾಖಲೆ ಪ್ರಕಾರ,” ಎಂದರು, “ನಮ್ಮ ಅತ್ತೆ.” ಮತ್ತು ಧಡ್ ಎಂದು ಒತ್ತಿದರು.